ವ್ಯಾಪಾರಿಗಳ ಪತ್ರಕ್ಕೆ ಸಹಿ ಹಾಕುವ ಮುನ್ನ

ಪ್ರಶ್ನೆ: ಸರ್, ನಾನು ದಾವಣಗೆರೆ ಕಡೆಯವನು. ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ನಮ್ಮದೊಂದು ದಿನಸಿ ಸಗಟು ಅಂಗಡಿ, ಅದರ ಹಿಂದೆಯೇ ಅಡುಗೆಮನೆ. ಉಪ್ಪಿನಕಾಯಿ, ಚಟ್ನಿಪುಡಿ, ಸಾರಿನ ಪುಡಿ ಹುಬ್ಬಳ್ಳಿ–ಬೆಂಗಳೂರಿನಿಂದ ತರಿಸುತ್ತೇವೆ; ಮೈಸೂರು ಪಾಕು, ಬೆಣ್ಣೆ ಮುರುಕು ಇಲ್ಲೇ ಮಾಡುತ್ತೇವೆ. 2020ರ ಕೊನೆಯವರೆಗೂ ಐರ್ಲೆಂಡಿನ ಡಬ್ಲಿನ್ ಮತ್ತು ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ನ ಅಂಗಡಿಗಳಿಗೆ ನಮ್ಮ ಸರಕಿನ ಪ್ಯಾಲೆಟ್ ಹೋಗುತ್ತಿತ್ತು. ಆಮೇಲೆ ಕಾಗದಪತ್ರದ ಕಾಟಕ್ಕೆ ಬಿಟ್ಟೇಬಿಟ್ಟೆವು. ಈಗ ಇಲ್ಲಿಯ ವ್ಯಾಪಾರಿ ಸಂಘದವರು ‘ಬ್ರಿಟನ್ ಮತ್ತೆ ಯುರೋಪಿನ ಕಸ್ಟಮ್ಸ್ ಯೂನಿಯನ್ (ಒಳಗೆ ಸುಂಕವಿಲ್ಲ, ಹೊರಗಿನವರಿಗೆಲ್ಲ ಒಂದೇ ಸುಂಕ ಎಂಬ ಕೂಟ) ಸೇರಬೇಕು’ ಎಂದು ಸರ್ಕಾರಕ್ಕೆ ಪತ್ರ ಬರೆದು ಸಹಿ ಕೇಳುತ್ತಿದ್ದಾರೆ. ನಮ್ಮ ಮಾವನವರು, ‘2016ರಲ್ಲಿ ಎಂತೆಂಥಾ ಕಂಪನಿಗಳ ಮಾಲೀಕರು ಸಹಿ ಹಾಕಿದರು, ಏನು ಕಿತ್ತುಹೋಯ್ತು? ನಿನ್ನ ಸಹಿಗೆ ಯಾರು ಕಾಯ್ತಿದ್ದಾರೆ?’ ಅನ್ನುತ್ತಾರೆ. ಗಿರಾಕಿಗಳಲ್ಲಿ ಬ್ರೆಕ್ಸಿಟ್ ಪರ ಇದ್ದವರೂ ಬೇಕಾದಷ್ಟು ಇದ್ದಾರೆ, ಅವರಿಗೆ ಬೇಸರವಾದೀತೆಂಬ ಹೆದರಿಕೆ ಬೇರೆ. ಭಾರತದ ಜೊತೆ ಆದ ಹೊಸ ಒಪ್ಪಂದಕ್ಕೆ ಇದರಿಂದ ಏಟು ಬೀಳುತ್ತದೆಯೆ? ಉದ್ಯಮಿಗಳ ಮಾತಿಗೆ ಈ ಮಾತುಕತೆಯಲ್ಲಿ ನಿಜಕ್ಕೂ ಬೆಲೆ ಇದೆಯೆ? — ಹೆಸರು ಬೇಡ, ಲೆಸ್ಟರ್

ಉತ್ತರ: ನಾನು ಕಸ್ಟಮ್ಸ್ ಕಾಗದಪತ್ರದ ಸಲಹೆಗಾರ. ಚುನಾವಣೆಯ ಲೆಕ್ಕಾಚಾರ ನನ್ನ ಕಸುಬಲ್ಲ. ಆದರೆ ಯಾವ ಮನವಿಗೆ ಸರ್ಕಾರ ಕಿವಿಗೊಟ್ಟಿತು, ಯಾವುದು ಕಡತದಲ್ಲೇ ಕೊಳೆಯಿತು ಎಂಬುದು ನನ್ನ ಮೇಜಿನ ಮೇಲೆ ಬೀಳುವ ಫಾರಂಗಳಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಹೆಣೆದುಕೊಂಡಿವೆ: ಸಹಿಗೆ ಬೆಲೆ ಇದೆಯೆ ಎಂಬುದು ಒಂದು, ಸಂಘದವರು ಕೇಳುತ್ತಿರುವುದೇ ನಿಮಗೆ ಬೇಕಾದದ್ದೆ ಎಂಬುದು ಇನ್ನೊಂದು. ಎರಡನೆಯದನ್ನು ನೀವು ಬಾಯಿಬಿಟ್ಟು ಕೇಳಿಲ್ಲ. ನನಗೆ ಅದೇ ಮುಖ್ಯ ಅನಿಸುತ್ತದೆ.

ಮೊದಲು ನಿಮ್ಮ ಮಾವನವರ ಮಾತು. ಐರೋಪ್ಯ ಒಕ್ಕೂಟದಲ್ಲಿ ಉಳಿಯಬೇಕೋ ಬಿಡಬೇಕೋ ಎಂಬ 2016ರ ಮತದಾನದಲ್ಲಿ ಉದ್ಯಮಿಗಳೆಲ್ಲ ಒಂದು ಕಡೆ, ಜನ ಇನ್ನೊಂದು ಕಡೆ ಇದ್ದರು ಎಂದು ಬಹಳ ಜನ ನಂಬಿದ್ದಾರೆ. ಅದು ಅರ್ಧ ಮಾತ್ರ ನಿಜ. 2013ರ ಜನವರಿಯಲ್ಲಿ ಪ್ರಧಾನಿ ಡೇವಿಡ್ ಕ್ಯಾಮರನ್ ‘ಒಕ್ಕೂಟದ ಜೊತೆಗಿನ ಸಂಬಂಧವನ್ನು ಹೊಸದಾಗಿ ಮಾತಾಡಿಕೊಂಡು, ಆಮೇಲೆ ಜನರ ಮುಂದಿಡುತ್ತೇನೆ’ ಎಂದು ಘೋಷಿಸಿದರು. ಅದೇ ವರ್ಷ ಏಪ್ರಿಲ್‌ನಲ್ಲಿ ‘ಬಿಸಿನೆಸ್ ಫಾರ್ ಬ್ರಿಟನ್’ ಎಂಬ ಉದ್ಯಮಿಗಳ ಗುಂಪು ಹುಟ್ಟಿಕೊಂಡು, ಷರತ್ತು ಬದಲಾಗಲೇಬೇಕೆಂದು ಪಟ್ಟುಹಿಡಿಯಿತು. ನವೆಂಬರ್‌ನಲ್ಲಿ ಬ್ರಿಟಿಷ್ ಉದ್ಯಮಗಳ ಒಕ್ಕೂಟ ಸಿಬಿಐ ತನ್ನ ವರದಿ ತಂದಿತು. ಐರೋಪ್ಯ ಒಕ್ಕೂಟದ ಸದಸ್ಯತ್ವದಿಂದ ದೇಶದ ಉತ್ಪನ್ನಕ್ಕೆ ಶೇ 4ರಿಂದ 5ರಷ್ಟು ಲಾಭವಿದೆ, ಒಳಗಿದ್ದುಕೊಂಡೇ ಸುಧಾರಿಸೋಣ ಎಂಬುದು ಅದರ ವಾದ. ಮುಂದೆ ಮತದಾನದ ಹೊತ್ತಿಗೆ ಡೈಸನ್ ಕಂಪನಿಯ ಜೇಮ್ಸ್ ಡೈಸನ್, ಜೆಸಿಬಿಯ ಆಂಥೊನಿ ಬ್ಯಾಮ್‌ಫೋರ್ಡ್, ವೆದರ್‌ಸ್ಪೂನ್ ಪಬ್‌ಗಳ ಟಿಮ್ ಮಾರ್ಟಿನ್ ಹೊರಬರುವ ಕಡೆ ನಿಂತರು. ನಿಮ್ಮ ಪಕ್ಕದ ಬೀದಿಯ ಕರಿ ಹೋಟೆಲ್‌ಗಳ ಮಾಲೀಕರಲ್ಲೂ ಅನೇಕರು ಅತ್ತಲೇ ವಾಲಿದ್ದರು. ಯುರೋಪಿನಿಂದ ಬರುವವರು ಕಡಿಮೆಯಾದರೆ ನಮ್ಮ ಕಡೆಯ ಬಾಣಸಿಗರಿಗೆ ವೀಸಾ ಸಿಗುತ್ತದೆಂಬ ಆಸೆ ಅವರಿಗಿತ್ತು.

ವ್ಯಾಪಾರಿಗಳ ಸಂಘಗಳ ಒಳಗೇ ಈ ಜಗಳ ಇತ್ತು. ಬ್ರಿಟಿಷ್ ಚೇಂಬರ್ಸ್ ಆಫ್ ಕಾಮರ್ಸ್‌ನ ಮುಖ್ಯಸ್ಥ ಜಾನ್ ಲಾಂಗ್‌ವರ್ತ್ ಹೊರಗಿದ್ದರೂ ಭವಿಷ್ಯ ಚೆನ್ನಾಗಿಯೇ ಇರಬಹುದು ಎಂದದ್ದಕ್ಕೆ ಅವರನ್ನು ಅಮಾನತು ಮಾಡಲಾಯಿತು. 2016ರ ಮಾರ್ಚ್‌ನಲ್ಲಿ ಅವರು ರಾಜೀನಾಮೆ ಕೊಟ್ಟರು. ಸದಸ್ಯರು ಎರಡು ಪಾಲಾಗಿದ್ದಾಗ ಸಂಘ ಯಾರ ಪರವಾಗಿ ಮಾತಾಡಬೇಕು? ನಿಮ್ಮ ಲೆಸ್ಟರ್ ಸಂಘದಲ್ಲೂ ಈ ಪ್ರಶ್ನೆ ಏಳದೇ ಇರದು.

ಇನ್ನು ಮಾವನವರು ನೆನಪಿಸಿದ ಆ ಸಹಿಗಳು. ಕ್ಯಾಮರನ್ 2015ರ ನವೆಂಬರ್‌ನಲ್ಲಿ ಐರೋಪ್ಯ ಮಂಡಳಿಯ ಅಧ್ಯಕ್ಷ ಡೊನಾಲ್ಡ್ ಟಸ್ಕ್ ಅವರಿಗೆ ಬರೆದ ಪತ್ರದಲ್ಲಿ ನಾಲ್ಕು ಬೇಡಿಕೆಗಳಿದ್ದವು: ಯೂರೊ ಬಳಸದ ದೇಶಗಳಿಗೆ ರಕ್ಷಣೆ, ಸ್ಪರ್ಧಾತ್ಮಕತೆ, ಸಾರ್ವಭೌಮತೆ, ವಲಸೆ. ಮೊದಲನೆಯದು ಲಂಡನ್ ಸಿಟಿಯ ಬ್ಯಾಂಕುಗಳಿಗೆ ಬೇಕಾದದ್ದು, ಎರಡನೆಯದು ಕಾರ್ಖಾನೆಗಳಿಗೆ. ಮತದಾರ ಮಾತಾಡುತ್ತಿದ್ದದ್ದು ನಾಲ್ಕನೆಯದರ ಬಗ್ಗೆ. 2016ರ ಫೆಬ್ರುವರಿ 19ರಂದು ಒಕ್ಕೂಟದ ಕೇಂದ್ರವಾದ ಬ್ರಸೆಲ್ಸ್‌ನಲ್ಲಿ ಒಪ್ಪಂದವಾಯಿತು. ನಾಲ್ಕೇ ದಿನಕ್ಕೆ ‘ದಿ ಟೈಮ್ಸ್’ ಪತ್ರಿಕೆಯಲ್ಲಿ ಒಕ್ಕೂಟದಲ್ಲೇ ಉಳಿಯೋಣ ಎಂಬ ಸುಮಾರು 200 ಉದ್ಯಮಿಗಳ ಪತ್ರ ಬಂತು. ಲಂಡನ್ ಷೇರುಪೇಟೆಯ ಅಗ್ರ 100 ಕಂಪನಿಗಳಲ್ಲಿ 36ರ ಮುಖ್ಯಸ್ಥರು ಅದರಲ್ಲಿದ್ದರು. ಟೆಸ್ಕೊ ಮತ್ತು ಸೇನ್ಸ್‌ಬರಿ ಸಹಿ ಹಾಕಲಿಲ್ಲ. ದಿನಾ ಲಕ್ಷಾಂತರ ಜನ ಬುಟ್ಟಿ ಹಿಡಿದು ಬರುವ ಅಂಗಡಿ. ಬಂದವರಲ್ಲಿ ಎರಡೂ ಬಣದವರು ಇರುತ್ತಾರೆ. ಗಿರಾಕಿಯ ಬಗ್ಗೆ ನಿಮಗಿರುವ ಹೆದರಿಕೆ ಅವರಿಗೂ ಇದ್ದೀತು. ಅದೇನೂ ಪುಕ್ಕಲುತನವಲ್ಲ. ಲೆಸ್ಟರ್ ನಗರದಲ್ಲೇ ಫಲಿತಾಂಶ ಉಳಿಯುವ ಕಡೆ 51, ಬಿಡುವ ಕಡೆ 49 ಆಗಿತ್ತಲ್ಲ.

ಉಳಿಯಬೇಕೆಂಬ ಪ್ರಚಾರದ ಅಧ್ಯಕ್ಷರಾಗಿದ್ದವರು ಮಾರ್ಕ್ಸ್ ಆಂಡ್ ಸ್ಪೆನ್ಸರ್‌ನ ಮಾಜಿ ಮುಖ್ಯಸ್ಥ ಲಾರ್ಡ್ ಸ್ಟೂವರ್ಟ್ ರೋಸ್. ಸಂಸದೀಯ ಸಮಿತಿಯೊಂದು ಅವರನ್ನು, ಯುರೋಪಿನ ಕೆಲಸಗಾರರು ಬರುವುದು ಕಡಿಮೆಯಾದರೆ ಕೂಲಿ ಏರುತ್ತದೆಯೆ ಎಂದು ಕೇಳಿತು. ಹೌದು ಏರುತ್ತದೆ, ಆದರೆ ಅದು ಒಳ್ಳೆಯದೇ ಆಗಬೇಕೆಂದಿಲ್ಲ ಎಂಬರ್ಥದಲ್ಲಿ ಉತ್ತರಿಸಿಬಿಟ್ಟರು. ಮಾಲೀಕನಿಗೆ ಖರ್ಚಿನ ಬಾಬತ್ತು, ಕೇಳಿಸಿಕೊಂಡವನಿಗೆ ತಿಂಗಳ ಸಂಬಳ. ಜೂನ್ 23ರಂದು ಶೇ 51.9 ಜನ ಹೊರಬರಲು ಮತ ಹಾಕಿದರು. ಆ ಒಂದು ಉತ್ತರದಿಂದಲೇ ಹೀಗಾಯಿತು ಎನ್ನುವುದಿಲ್ಲ. ದೇಶ ಎತ್ತ ಹೋಗಬೇಕೆಂದು ಉದ್ಯಮಿ ಹೇಳಹೊರಟರೆ ‘ಇವನಿಗೇನು ಲಾಭ?’ ಎಂದು ಕೇಳುವವನ ಬಾಯಿ ಮುಚ್ಚಿಸಲಾಗುವುದಿಲ್ಲ, ಅಷ್ಟೆ.

ಹಾಗಂತ ಉದ್ಯಮಿಗಳ ಮಾತಿಗೆ ಬೆಲೆಯೇ ಇಲ್ಲ ಎಂಬ ತೀರ್ಮಾನವನ್ನು ನಾನು ಒಪ್ಪುವುದಿಲ್ಲ. ಅವರು ಗೆದ್ದದ್ದೂ ಇದೆ. ಅದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

2020ರ ಡಿಸೆಂಬರ್ 24ರಂದು ಬ್ರಿಟನ್ ಮತ್ತು ಒಕ್ಕೂಟದ ನಡುವೆ ಕುದುರಿದ ವ್ಯಾಪಾರ ಒಪ್ಪಂದದಲ್ಲಿ ವಿದ್ಯುತ್ ಕಾರುಗಳಿಗೊಂದು ಗಡುವಿತ್ತು. 2024ರ ಜನವರಿ 1ರಿಂದ ಕಾರು ಮತ್ತು ಅದರ ಬ್ಯಾಟರಿಯ ಮೌಲ್ಯದಲ್ಲಿ ನಿಗದಿತ ಪಾಲು ಬ್ರಿಟನ್ನಿನದೋ ಒಕ್ಕೂಟದ್ದೋ ಆಗಿರಬೇಕು. ಇಲ್ಲದಿದ್ದರೆ ಇಂಗ್ಲಿಷ್ ಕಡಲ್ಗಾಲುವೆ ದಾಟುವಾಗ ಶೇ 10 ಸುಂಕ. ಬ್ಯಾಟರಿ ಬರುತ್ತಿದ್ದದ್ದು ಹೆಚ್ಚಾಗಿ ಏಷ್ಯಾದಿಂದ. ಯುರೋಪಿನ ಬ್ಯಾಟರಿ ಕಾರ್ಖಾನೆಗಳು ಎಣಿಸಿದಷ್ಟು ಬೇಗ ಏಳಲಿಲ್ಲ. 2023ರ ಮೇನಲ್ಲಿ ವಾಕ್ಸ್‌ಹಾಲ್ ಕಾರುಗಳ ಮಾಲೀಕ ಕಂಪನಿ ಸ್ಟೆಲ್ಲಾಂಟಿಸ್, ನಿಯಮ ಬದಲಾಗದಿದ್ದರೆ ಬ್ರಿಟನ್ನಿನಲ್ಲಿ ಕಾರ್ಖಾನೆ ಉಳಿಸಿಕೊಳ್ಳುವುದು ಕಷ್ಟ ಎಂದು ಸಂಸದರಿಗೆ ಬರೆದು ಕೊಟ್ಟಿತು. ಅದು ಬ್ರಿಟನ್ನಿನ ಗೋಳು ಮಾತ್ರ ಆಗಿದ್ದರೆ ಬ್ರಸೆಲ್ಸ್ ತಲೆ ಎತ್ತಿ ನೋಡುತ್ತಿರಲಿಲ್ಲ. ಆದರೆ ಅದೇ ಹೊತ್ತಿಗೆ ಯುರೋಪಿನ ಕಾರು ತಯಾರಕರ ಸಂಘವೂ, ಮೂರು ವರ್ಷದಲ್ಲಿ ನಮಗೂ 430 ಕೋಟಿ ಯೂರೊ ಹೊರೆ ಬೀಳುತ್ತದೆ ಎಂದು ತನ್ನದೇ ಐರೋಪ್ಯ ಆಯೋಗದ (ಒಕ್ಕೂಟದ ಆಡಳಿತ ಸಂಸ್ಥೆ) ಬೆನ್ನು ಹತ್ತಿತು. ಆಯೋಗದೊಳಗೆ ಮೊದಮೊದಲು ವಿರೋಧವಿತ್ತು. ಕಡೆಗೆ ಡಿಸೆಂಬರ್‌ನಲ್ಲಿ ಎರಡೂ ಕಡೆಯವರು ಕೂತು ಗಡುವನ್ನು 2026ರ ಕೊನೆಗೆ ತಳ್ಳಿದರು, ಮತ್ತೆ ಮುಂದೂಡಲು ಬಾರದಂತೆ ಬೀಗವನ್ನೂ ಜಡಿದರು.

ಇಲ್ಲಿ ಬೇಡಿಕೆ ಇದ್ದದ್ದು ಒಂದೇ ಕಲಮು, ಒಂದೇ ದಿನಾಂಕ. ಆಚೆ ದಡದಲ್ಲೂ ಅದೇ ಬೇಡಿಕೆ ಇಟ್ಟವರಿದ್ದರು. ‘ಯುರೋಪಿಗೆ ಹತ್ತಿರವಾಗಿ’ ಎಂದು ಯಾರೂ ಕೇಳಲಿಲ್ಲ. ಬ್ರೆಕ್ಸಿಟ್ ಪರ ಇದ್ದ ಸಂಸದನೂ ಮುಜುಗರವಿಲ್ಲದೆ ಒಪ್ಪಬಹುದಾದ ಮಾತು ಅದು.

ಗುಟ್ಟಾಗಿ ಕೇಳಿ ಪಡೆದವರೂ ಇದ್ದಾರೆ. 2016ರ ಅಕ್ಟೋಬರ್‌ನಲ್ಲಿ ನಿಸ್ಸಾನ್ ಕಂಪನಿಗೆ ಸರ್ಕಾರ ಭರವಸೆಯ ಪತ್ರ ಕೊಟ್ಟಿತು, ಕಂಪನಿ ಸಂಡರ್‌ಲ್ಯಾಂಡ್‌ನಲ್ಲಿ ಎರಡು ಹೊಸ ಮಾದರಿ ತಯಾರಿಸುತ್ತೇನೆಂದಿತು. 2019ರ ಫೆಬ್ರುವರಿಯಲ್ಲಿ ಅದರಲ್ಲೊಂದನ್ನು ಜಪಾನಿಗೇ ಉಳಿಸಿಕೊಂಡಿತು. ಮುಚ್ಚಿಟ್ಟಿದ್ದ ಪತ್ರವೂ ಆಗ ಹೊರಬಂತು. ಈ ದಾರಿ ಸಾವಿರಾರು ಜನಕ್ಕೆ ಕೆಲಸ ಕೊಟ್ಟವರಿಗೆ ಮಾತ್ರ ತೆರೆಯುತ್ತದೆ. ನನಗೂ ನಿಮಗೂ ಅಲ್ಲ.

ಇನ್ನೊಂದು ತಪ್ಪು ಕಲ್ಪನೆ: ಉದ್ಯಮಿಗಳು ಮಾತುಕತೆಯ ಮೇಜಿನಲ್ಲೇ ಕೂರುತ್ತಾರೆ ಎಂಬುದು. ಇಲ್ಲ. ಅವರು ಮದುವೆ ಮಾತುಕತೆಗೆ ಬಂದ ನೆಂಟರಿದ್ದಂತೆ. ಪಡಸಾಲೆಯಲ್ಲಿ ಕೂತು ಎಷ್ಟು ಬೇಕಾದರೂ ಸಲಹೆ ಕೊಡಬಹುದು, ತಾಂಬೂಲ ಬದಲಾಯಿಸಿಕೊಳ್ಳುವವರು ಬೇರೆ. ಒಂದು ಕಡೆ ಲಂಡನ್ನಿನ ಸರ್ಕಾರ, ಇನ್ನೊಂದು ಕಡೆ 27 ದೇಶಗಳ ಪರವಾಗಿ ಐರೋಪ್ಯ ಆಯೋಗ. 2020ರ ಒಪ್ಪಂದದಲ್ಲೇ ‘ದೇಶೀಯ ಸಲಹಾ ಗುಂಪು’ ಎಂಬ ವ್ಯವಸ್ಥೆ ಇದೆ, ಉದ್ಯಮ ಸಂಘಗಳು, ಕಾರ್ಮಿಕ ಸಂಘಗಳು, ಸ್ವಯಂಸೇವಾ ಸಂಸ್ಥೆಗಳು ಅದರಲ್ಲಿವೆ. ಅದರ ಅಭಿಪ್ರಾಯವನ್ನು ಸರ್ಕಾರ ಕೇಳಿಸಿಕೊಳ್ಳಬೇಕು, ಪಾಲಿಸಬೇಕೆಂದಿಲ್ಲ.

ಈಗ ನಿಮ್ಮ ಪ್ಯಾಲೆಟ್ ವಿಚಾರ. ‘ಸುಂಕ ಸೊನ್ನೆ’ ಎಂದು ಸರ್ಕಾರ ಸಾರಿದ್ದರಿಂದ ಎಲ್ಲ ಸರಕಿಗೂ ಸೊನ್ನೆ ಎಂದು ಬಹಳ ವ್ಯಾಪಾರಿಗಳು ಎಣಿಸಿದ್ದರು. ಸೊನ್ನೆ ಇರುವುದು ಬ್ರಿಟನ್ನಿನಲ್ಲಿ ಅಥವಾ ಒಕ್ಕೂಟದಲ್ಲಿ ಹುಟ್ಟಿದ್ದೆಂದು ನಿಯಮ ಒಪ್ಪುವ ಸರಕಿಗೆ. ಮಾರ್ಕ್ಸ್ ಆಂಡ್ ಸ್ಪೆನ್ಸರ್‌ನವರ ‘ಪರ್ಸಿ ಪಿಗ್’ ಎಂಬ ಮಕ್ಕಳ ಮಿಠಾಯಿ ಜರ್ಮನಿಯಲ್ಲಿ ತಯಾರಾಗಿ, ಬ್ರಿಟನ್ನಿಗೆ ಬಂದು, ಅಲ್ಲಿಂದ ಐರ್ಲೆಂಡಿಗೆ ಹೋಗುವಾಗ ಸುಂಕಕ್ಕೆ ಸಿಕ್ಕಿಬಿತ್ತು. ಯುರೋಪಿನಲ್ಲೇ ಮಾಡಿದ್ದು, ಯುರೋಪಿಗೇ ಹೊರಟಿದ್ದು! 2021ರ ಜನವರಿಯಲ್ಲಿ ಆ ಕಂಪನಿಯ ಮುಖ್ಯಸ್ಥ ಸ್ಟೀವ್ ರೋವ್ ಈ ಉದಾಹರಣೆ ಕೊಟ್ಟ ಮೇಲೆಯೇ ಪತ್ರಿಕೆಗಳಿಗೆ ಮೂಲ ದೇಶದ ನಿಯಮ ಅರ್ಥವಾಯಿತು. ಅದೇ ಕಂಪನಿಯ ಅಧ್ಯಕ್ಷ ಆರ್ಚಿ ನಾರ್ಮನ್, ಐರ್ಲೆಂಡಿಗೆ ಹೋಗುವ ಒಂದೊಂದು ಲಾರಿಗೂ 700 ಪುಟದಷ್ಟು ಕಾಗದ ಬೇಕು, ಪ್ರಾಣಿಗಳ ಹೆಸರನ್ನು ಲ್ಯಾಟಿನ್‌ನಲ್ಲಿ ಬರೆಯಬೇಕು ಎಂದು ಹೇಳಿಕೊಂಡರು. ಅಂಥ ಒತ್ತಾಯಗಳ ನಡುವೆಯೇ 2023ರ ಫೆಬ್ರುವರಿಯಲ್ಲಿ, ಉತ್ತರ ಐರ್ಲೆಂಡಿನ ವ್ಯಾಪಾರದ ಬಗ್ಗೆ ಬ್ರಿಟನ್ ಮತ್ತು ಒಕ್ಕೂಟ ಮಾಡಿಕೊಂಡ ವಿಂಡ್ಸರ್ ಚೌಕಟ್ಟು ಬಂತು. ಉತ್ತರ ಐರ್ಲೆಂಡಿಗೆ ಹೋಗಿ ಅಲ್ಲೇ ಉಳಿಯುವ ಸರಕಿಗೆ ಕಾಗದಪತ್ರ ಕಡಿಮೆಯಿರುವ ಹಸಿರು ದಾರಿ ಸಿಕ್ಕಿತು. ಒಕ್ಕೂಟದೊಳಗಿರುವ ಐರ್ಲೆಂಡಿನ ಡಬ್ಲಿನ್ನಿಗೆ ಸಿಗಲಿಲ್ಲ.

ನಿಮ್ಮ ಹುಬ್ಬಳ್ಳಿಯ ಉಪ್ಪಿನಕಾಯಿ ಇದೇ ಬಲೆಯಲ್ಲಿದೆ. ಲೆಸ್ಟರ್‌ನಲ್ಲಿ ಡಬ್ಬಿ ಬದಲಿಸಿ ನಿಮ್ಮ ಲೇಬಲ್ ಅಂಟಿಸಿದರೂ ಅದರ ಮೂಲ ಭಾರತವೇ. ಇಂಗ್ಲೆಂಡಿನಲ್ಲಿ ಸುಂಕ ಬೀಳುವುದಿದ್ದರೆ ಅಲ್ಲೊಮ್ಮೆ, ಐಂಡ್‌ಹೋವನ್‌ಗೆ ಹೋಗುವಾಗ ಒಕ್ಕೂಟದ ದರದಲ್ಲಿ ಇನ್ನೊಮ್ಮೆ. ಮೈಸೂರು ಪಾಕಿನ ಕತೆಯೇ ಬೇರೆ. ಅದನ್ನು ನೀವು ಅಲ್ಲೇ ಮಾಡುತ್ತೀರಿ, ಆದ್ದರಿಂದ ತುಪ್ಪ ಎಲ್ಲಿಯದು, ಸಕ್ಕರೆ ಎಷ್ಟು ಎಂಬ ಲೆಕ್ಕ ಸರಿಹೊಂದಿದರೆ ಬ್ರಿಟಿಷ್ ಮೂಲವೆನಿಸಿಕೊಂಡು ಸುಂಕ ತಪ್ಪಬಹುದು. ಆದರೆ ತುಪ್ಪ, ಬೆಣ್ಣೆ ಹೈನು ಪದಾರ್ಥವಾದ್ದರಿಂದ ತಿನಿಸಿನ ಸ್ವರೂಪ ನೋಡಿ ಪಶುವೈದ್ಯರ ಸಹಿಯ ಆರೋಗ್ಯ ಪ್ರಮಾಣಪತ್ರವನ್ನೋ ಆಮದುದಾರನ ಲಿಖಿತ ಘೋಷಣೆಯನ್ನೋ ಕೇಳುತ್ತಾರೆ. ನೀವು ಪೂರ್ತಿ ಲಾರಿ ತುಂಬುವವರಲ್ಲ. ಹತ್ತಾರು ಜನರ ಸರಕಿನ ಜೊತೆ ನಿಮ್ಮದೊಂದು ಪ್ಯಾಲೆಟ್. ಅದರಲ್ಲಿ ಒಬ್ಬನ ಕಾಗದ ತಪ್ಪಿದರೂ ಇಡೀ ಲಾರಿ ಬಂದರಿನಲ್ಲಿ ನಿಲ್ಲುತ್ತದೆ. ಸಾಗಣೆದಾರರು ತಿಂಡಿ–ತಿನಿಸಿನ ಸಣ್ಣ ಪ್ಯಾಲೆಟ್ ಎಂದರೆ ಮುಖ ತಿರುಗಿಸುವುದು ಇದಕ್ಕೇ.

ಈಗ ಸಂಘದ ಪತ್ರವನ್ನು ಮತ್ತೊಮ್ಮೆ ಓದಿ. ಕಸ್ಟಮ್ಸ್ ಯೂನಿಯನ್ ಬಂದರೆ ಉಪ್ಪಿನಕಾಯಿಯ ಸಮಸ್ಯೆ ಬಹುಮಟ್ಟಿಗೆ ಬಗೆಹರಿಯಬಹುದು, ಯಾಕೆಂದರೆ ಒಮ್ಮೆ ಒಳಗೆ ಸುಂಕ ಕಟ್ಟಿದ ಸರಕು ಎಲ್ಲೆಡೆ ಓಡಾಡುತ್ತದೆ. ಮೈಸೂರು ಪಾಕಿನ ಸಮಸ್ಯೆ ಬಗೆಹರಿಯುವುದಿಲ್ಲ. ಟರ್ಕಿ ಸುಮಾರು ಮೂವತ್ತು ವರ್ಷದಿಂದ ಒಕ್ಕೂಟದ ಜೊತೆ ಕಸ್ಟಮ್ಸ್ ಯೂನಿಯನ್‌ನಲ್ಲಿದೆ, ಆದರೂ ಕೃಷಿ ಉತ್ಪನ್ನಗಳು ಬಹುಪಾಲು ಅದರ ಹೊರಗೆ, ಗಡಿಯಲ್ಲಿ ತಪಾಸಣೆಯೂ ತಪ್ಪಿಲ್ಲ. ಒಕ್ಕೂಟ ಬೇರೆ ದೇಶಕ್ಕೆ ಬಾಗಿಲು ತೆರೆದರೆ ಟರ್ಕಿಯೂ ತೆರೆಯಬೇಕು. ಆ ದೇಶ ಟರ್ಕಿಗೆ ತೆರೆಯಬೇಕೆಂಬ ಕಟ್ಟುಪಾಡಿಲ್ಲ.

ಭಾರತದ ಒಪ್ಪಂದದ ಬಗ್ಗೆ ನಿಮ್ಮ ಅನುಮಾನ ಸರಿಯಾಗಿದೆ. 2025ರ ಜುಲೈ 24ರಂದು ಸಹಿಯಾದ ಭಾರತ–ಬ್ರಿಟನ್ ಒಪ್ಪಂದ ನಿಂತಿರುವುದು ಬ್ರಿಟನ್ ತನ್ನ ಸುಂಕವನ್ನು ತಾನೇ ನಿಗದಿ ಮಾಡಬಲ್ಲದು ಎಂಬ ಆಧಾರದ ಮೇಲೆ. ಕಸ್ಟಮ್ಸ್ ಯೂನಿಯನ್ ಎಂದರೆ ಹೊರಗಿನವರಿಗೆಲ್ಲ ಒಂದೇ ಸುಂಕ, ಅದನ್ನು ನಿಗದಿ ಮಾಡುವುದು ಬ್ರಸೆಲ್ಸ್. ಒಪ್ಪಂದ ಈಗಿರುವಂತೆಯೇ ಉಳಿಯಲಾರದು. 2026ರ ಜನವರಿಯಲ್ಲಿ ಭಾರತ ಮತ್ತು ಐರೋಪ್ಯ ಒಕ್ಕೂಟ ತಮ್ಮ ನಡುವಿನ ವ್ಯಾಪಾರ ಮಾತುಕತೆ ಮುಗಿಯಿತೆಂದು ಘೋಷಿಸಿದ ಮೇಲೆ ಎರಡರ ಅಂತರ ಕಡಿಮೆಯಾದೀತು. ಆದರೆ ಘೋಷಣೆಗೂ ಜಾರಿಗೂ ನಡುವೆ ದೂರವಿದೆ, ಎರಡರ ದರಗಳೂ ಒಂದೇ ಅಲ್ಲ.

ನಿಮಗೆ ಹತ್ತಿರದಲ್ಲಿ ಕಾಣುವ ದಾರಿ 2025ರ ಮೇ 19ರಂದು ಲಂಡನ್ನಿನ ಲ್ಯಾಂಕಾಸ್ಟರ್ ಹೌಸ್‌ನಲ್ಲಿ ಒಪ್ಪಿಕೊಂಡ ಆಹಾರ ಮತ್ತು ಸಸ್ಯ–ಪ್ರಾಣಿ ಆರೋಗ್ಯ ಒಪ್ಪಂದದ ದಾರಿ. 2027ರ ಮಧ್ಯದ ಹೊತ್ತಿಗೆ ಅದನ್ನು ಜಾರಿಗೆ ತರುವುದು ಬ್ರಿಟನ್ ಸರ್ಕಾರದ ಗುರಿ. ಬಂದರೆ ಪಶುವೈದ್ಯರ ಪ್ರಮಾಣಪತ್ರ, ಮಾಮೂಲು ಗಡಿ ತಪಾಸಣೆ ಬಹುತೇಕ ಹೋಗುತ್ತವೆ. ಕಸ್ಟಮ್ಸ್ ಘೋಷಣೆ, ಮೂಲ ದೇಶದ ದಾಖಲೆ, ವ್ಯಾಟ್ ಹೋಗುವುದಿಲ್ಲ. ಅಂದರೆ ಪಾಕು ಹಗುರವಾಗುತ್ತದೆ, ಉಪ್ಪಿನಕಾಯಿ ಇದ್ದಲ್ಲೇ ಇರುತ್ತದೆ.

ಇದಕ್ಕೂ ಬೆಲೆ ಕಟ್ಟಬೇಕು. ಒಕ್ಕೂಟ ಆಹಾರದ ನಿಯಮ ಬದಲಿಸಿದಂತೆಲ್ಲ ಬ್ರಿಟನ್ ಬದಲಿಸುತ್ತ ಹೋಗಬೇಕು. ಅಭಿಪ್ರಾಯ ಹೇಳಬಹುದು, ಮತವಿಲ್ಲ. ಭಾರತದಿಂದ ಬರುವ ಮೆಣಸಿನಕಾಯಿ, ಕರಿಬೇವು, ಎಳ್ಳಿನ ಕೀಟನಾಶಕದ ಮಿತಿಯೂ ಆಗ ಬ್ರಸೆಲ್ಸ್ ಹೇಳಿದ್ದೇ. ಹಳೆಯ ಕಾಲ ಎಲ್ಲ ಸಲೀಸಾಗಿತ್ತು ಎಂಬ ನೆನಪೂ ಸ್ವಲ್ಪ ಬಣ್ಣ ಹಚ್ಚಿಕೊಂಡದ್ದೇ. 2014ರ ಮೇ 1ರಿಂದ ಒಕ್ಕೂಟ ಭಾರತದ ಮಾವಿನಹಣ್ಣು, ಹಾಗಲಕಾಯಿ, ಪಡವಲಕಾಯಿ, ಬದನೆಕಾಯಿ, ಕೆಸುವಿನ ಎಲೆಯನ್ನು ಹಣ್ಣುನೊಣ ಮೊದಲಾದ ಕೀಟಗಳ ಕಾರಣಕ್ಕೆ ನಿಷೇಧಿಸಿತ್ತಲ್ಲ? ತಿನ್ನುವವರು ಹೆಚ್ಚಾಗಿ ಬ್ರಿಟನ್ನಿನಲ್ಲಿದ್ದರು, ತೀರ್ಮಾನ ಆದದ್ದು ಬ್ರಸೆಲ್ಸ್‌ನಲ್ಲಿ. ನಿಮ್ಮ ಊರಿನ ವ್ಯಾಪಾರಿಗಳೇ ಗಲಾಟೆ ಮಾಡಿದ್ದರು. ಭಾರತ ತಪಾಸಣೆ ಸುಧಾರಿಸಿದ ಮೇಲೆ 2015ರ ಆರಂಭದಲ್ಲಿ ಮಾವಿನ ನಿಷೇಧ ತೆಗೆದರು.

ಬೆಲೆ ಇನ್ನೊಬ್ಬರ ಜೇಬಿನಿಂದಲೂ ಹೋಗುತ್ತದೆ. ಲ್ಯಾಂಕಾಸ್ಟರ್ ಹೌಸ್‌ನಲ್ಲಿ ಆಹಾರ ಒಪ್ಪಂದದ ಮಾತಾದ ದಿನವೇ ಯುರೋಪಿನ ದೋಣಿಗಳಿಗೆ ಬ್ರಿಟಿಷ್ ನೀರಿನಲ್ಲಿ ಮೀನು ಹಿಡಿಯುವ ಅವಕಾಶವನ್ನು 12 ವರ್ಷ, 2038ರವರೆಗೆ, ವಿಸ್ತರಿಸಲಾಯಿತು. ಸ್ಕಾಟ್ಲೆಂಡಿನ ಸಾಲ್ಮನ್ ಸಾಕಣೆ ಕಂಪನಿಗಳು ಸ್ವಾಗತಿಸಿದವು, ಅವುಗಳ ಮೀನು ಬೇಗ ಫ್ರಾನ್ಸ್ ತಲುಪಬೇಕು. ಅದೇ ಸ್ಕಾಟ್ಲೆಂಡಿನ ಕಡಲ ಮೀನುಗಾರರ ಒಕ್ಕೂಟ ಕೆಂಡಾಮಂಡಲವಾಯಿತು. ‘ಉದ್ಯಮದ ಅಭಿಪ್ರಾಯ’ ಎಂದು ಯಾರಾದರೂ ಹೇಳಿದರೆ, ಯಾವ ಉದ್ಯಮದ್ದು ಎಂದು ನಾನು ಮೊದಲು ಕೇಳುತ್ತೇನೆ.

ಹಾಗಾದರೆ ನೀವೇನು ಮಾಡಬಹುದು? ವ್ಯಾಪಾರದ ಮಟ್ಟಿಗೆ, ಉಪ್ಪಿನಕಾಯಿ–ಪುಡಿಗಳನ್ನು ಭಾರತದಿಂದ ನೇರವಾಗಿ ರಾಟರ್‌ಡ್ಯಾಮ್‌ಗೆ ಕಳಿಸುವುದು ಚೊಕ್ಕವಾದ ದಾರಿ. ಆದರೆ ಒಕ್ಕೂಟದೊಳಗೆ ಆಮದುದಾರನೊಬ್ಬ ಬೇಕು, ಎರಡು ಕಡೆ ದಾಸ್ತಾನು ಇಡಬೇಕು, ಹಣ ಎರಡು ಕಡೆ ಸಿಕ್ಕಿಕೊಳ್ಳುತ್ತದೆ. ಐಂಡ್‌ಹೋವನ್‌ನ ಗಿರಾಕಿ ಅಂಗಡಿಯೇ ಆಮದುದಾರನಾದರೆ ನಾಳೆ ನಿಮ್ಮನ್ನು ಬಿಟ್ಟು ನೇರ ಹುಬ್ಬಳ್ಳಿಗೇ ಫೋನ್ ಮಾಡಿಯಾನು, ಅದನ್ನೂ ಲೆಕ್ಕಕ್ಕಿಡಿ. ಅದು ಬೇಡವಾದರೆ ಇಂಗ್ಲೆಂಡಿನ ಕಸ್ಟಮ್ಸ್ ಗೋದಾಮಿನಲ್ಲಿ ಸುಂಕ ಕಟ್ಟದೆ ಇಟ್ಟು, ಸಾಗಣೆ ಪರವಾನಗಿಯಲ್ಲಿ ಮುಂದೆ ಕಳಿಸಬಹುದು. ಇಮ್ಮಡಿ ಸುಂಕ ತಪ್ಪುತ್ತದೆ, ಗೋದಾಮಿನ ಬಾಡಿಗೆ ಮತ್ತು ಖಾತರಿಯ ಖರ್ಚು ಸೇರುತ್ತದೆ. ನಿಮ್ಮ ಪ್ರಮಾಣಕ್ಕೆ ಇದು ಗಿಟ್ಟುವುದು ಅನುಮಾನ. ಪಾಕು–ಮುರುಕಿನ ವಿಷಯದಲ್ಲಿ ಆಹಾರ ಒಪ್ಪಂದಕ್ಕೆ ಕಾಯಿರಿ ಎನ್ನುತ್ತೇನೆ. ಈಗಲೇ ಹೊಸ ಯಂತ್ರಕ್ಕೆ ಸಾಲ ಮಾಡಬೇಡಿ, ಗುರಿಯ ದಿನಾಂಕಗಳು ಜಾರುವುದನ್ನು ಬಹಳ ನೋಡಿದ್ದೇನೆ.

ಪತ್ರದ ಮಟ್ಟಿಗೆ, ಈಗಿರುವ ಒಕ್ಕಣೆಗೆ ನಾನಾಗಿದ್ದರೆ ಸಹಿ ಹಾಕುತ್ತಿರಲಿಲ್ಲ. ಕಸ್ಟಮ್ಸ್ ಯೂನಿಯನ್ ಬೇಡ ಎಂದು ಸರ್ಕಾರ ತನ್ನ ಗೆರೆ ಎಳೆದಾಗಿದೆ; ಅದನ್ನು ಅಳಿಸುವುದು ಚುನಾವಣೆಯ ಕೆಲಸ, ಲೆಸ್ಟರ್‌ನ ಕಿರಾಣಿ ಸಂಘದ್ದಲ್ಲ. ರಾಜಕೀಯವಾಗಿ ಅದೇ ಸರಿ ಎಂದು ನಿಮಗನಿಸಿದರೆ ನಾಗರಿಕರಾಗಿ ಧಾರಾಳವಾಗಿ ಸಹಿ ಹಾಕಿ, ಅಂಗಡಿಯ ಮೊಹರು ಒತ್ತಬೇಡಿ. ಸಂಘದವರಿಗೆ ಇನ್ನೊಂದು ಪತ್ರದ ಕರಡು ಕೊಡಿ. ಹಲವರ ಸರಕು ಒಟ್ಟಿಗೆ ಸಾಗುವ ಲಾರಿಯಲ್ಲಿ ತಪ್ಪಿದ ಪ್ಯಾಲೆಟ್ ಒಂದನ್ನೇ ಇಳಿಸಿ ಉಳಿದದ್ದನ್ನು ಬಿಡಬೇಕು. ಹೈನು ಬೆರೆತ ಕೆಡದ ತಿನಿಸುಗಳಿಗೆ ವರ್ಷಕ್ಕೊಂದೇ ಘೋಷಣೆ ಸಾಕಾಗಬೇಕು — ಇಷ್ಟೇ ಕೇಳಿ. ಜೊತೆಗೆ 2020ರ ಒಂದು ಇನ್‌ವಾಯ್ಸ್, 2021ರ ಒಂದು ಇನ್‌ವಾಯ್ಸ್ ಅಕ್ಕಪಕ್ಕ ಲಗತ್ತಿಸಿ. ಡಬ್ಲಿನ್ನಿನ ನಿಮ್ಮ ಹಳೆಯ ಗಿರಾಕಿ ಅಲ್ಲಿಯ ವ್ಯಾಪಾರಿ ಸಂಘದ ಮೂಲಕ ತನ್ನ ಸರ್ಕಾರಕ್ಕೆ ಇದೇ ಮಾತು ಬರೆಯಲು ಒಪ್ಪುತ್ತಾರೆಯೆ ಕೇಳಿ ನೋಡಿ. ಅವರ ಒಂದು ಪತ್ರ ನಿಮ್ಮ ಕಡೆಯ ನೂರು ಸಹಿಗಿಂತ ಹೆಚ್ಚು ತೂಗುತ್ತದೆ. ಮೇಜಿನ ಆಚೆ ಕೂತವರು ಕೇಳಿಸಿಕೊಳ್ಳುವುದು ಅವರ ಮಾತನ್ನು.

ನಿಮ್ಮ ಕ್ಷೇತ್ರದ ಸಂಸದರಿಗೆ ಒಂದು ಪ್ರತಿ, ಸಂಸತ್ತಿನ ವ್ಯಾಪಾರ ಸಮಿತಿಗೆ ಲಿಖಿತ ಸಾಕ್ಷ್ಯವಾಗಿ ಇನ್ನೊಂದು. ಸಮಿತಿಗೆ ಕೊಟ್ಟದ್ದು ಸಾಮಾನ್ಯವಾಗಿ ಸಾರ್ವಜನಿಕವಾಗಿ ಪ್ರಕಟವಾಗುತ್ತದೆ. ಆದ್ದರಿಂದ ಇನ್‌ವಾಯ್ಸ್‌ನಲ್ಲಿರುವ ಗಿರಾಕಿಗಳ ಹೆಸರು, ನಿಮ್ಮ ಖರೀದಿ ದರ, ಬ್ಯಾಂಕ್ ವಿವರ ಕಾಣದಂತೆ ಮಸಿ ಬಳಿದೇ ಕಳಿಸಿ. ಹುಬ್ಬಳ್ಳಿಯಲ್ಲಿ ನಿಮಗೆ ಯಾವ ದರಕ್ಕೆ ಮಾಲು ಸಿಗುತ್ತದೆಂದು ಲೆಸ್ಟರ್‌ನ ಉಳಿದ ಅಂಗಡಿಯವರಿಗೆ ಗೊತ್ತಾಗುವುದು ಬೇಡ.